ಶನಿವಾರಕ್ಕೆ ಎರಡು ಹೆಸರು

ಯಲ್ಲಾಪುರ
ಬುಧವಾರ

ಡಾಕ್ಟರ್ ಭೂಮಿಕಾ ಮೇಡಂ ಅವರಿಗೆ ಸಮೀಉಲ್ಲಾನ ನಮಸ್ಕಾರ.

ಸೋಮವಾರ ನಿಮ್ಮ ಹಲ್ಲಿನ ಹೊಸ ದವಾಖಾನೆಯಿಂದ ಹೇಳದೆ ಕೇಳದೆ ಓಡಿಹೋದ ಲಾರಿ ಡ್ರೈವರ್ ನಾನೇ. ಫೋನಿನಲ್ಲಿ ಮಾತಾಡಲು ನಾಚಿಕೆಯಾಗಿ ಈ ಪತ್ರ ಬರೆಯುತ್ತಿದ್ದೇನೆ. "ಈ ದವಡೆಹಲ್ಲು ಉಳಿಯೋದಿಲ್ಲ, ಇವತ್ತೇ ಕೀಳಬೇಕು" ಅಂತ ಹೇಳಿ ನೀವು ಸೂಜಿ ತರಲು ಆ ಕಡೆ ತಿರುಗಿದ್ದೇ ತಡ, ನಾನು ಕುರ್ಚಿಯಿಂದ ಇಳಿದುಬಿಟ್ಟೆ. ಮೂವತ್ತು ವರ್ಷ ಅರಬೈಲ್ ಘಟ್ಟದಲ್ಲಿ ನಿಧಾನವಾಗಿ ಲಾರಿ ಇಳಿಸಿದ ನಾನು ಅವತ್ತು ನಿಮ್ಮ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದೆ.

ಮನೆಗೆ ಹೋದಾಗ ನೀವು ಕಟ್ಟಿದ್ದ ನೀಲಿ ಬಟ್ಟೆ ಇನ್ನೂ ಕೊರಳಲ್ಲೇ ಇತ್ತು. ಅದನ್ನು ನೋಡಿ ನನ್ನ ಹೆಂಡತಿ ಜೀನತ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಒಮ್ಮೆಲೇ ಕೆನ್ನೆ ಒತ್ತಿಕೊಂಡು ಕೂತಳು.

"ಎಂತಾಯ್ತು?" ಅಂದೆ.

"ನನಗೂ ಒಂದು ವರ್ಷದಿಂದ ಹಲ್ಲು ನೋಯ್ತಾ ಇದೆ. ಮೊದಲು ನೀವು ಕೀಳಿಸಿಕೊಂಡು ಬರಲಿ, ಆಮೇಲೆ ಹೋದರಾಯ್ತು ಅಂತ ಕಾಯ್ತಿದ್ದೆ."

ಅವಳು ರೊಟ್ಟಿಯನ್ನು ಚಹಾದಲ್ಲಿ ನೆನೆಸಿ ತಿನ್ನುವುದನ್ನು ದಿನಾ ನೋಡುತ್ತಿದ್ದೆ. ರುಚಿಗೆ ಅಂದುಕೊಂಡಿದ್ದೆ.

ದಯವಿಟ್ಟು ಶನಿವಾರ ಬೆಳಿಗ್ಗೆಗೆ ನಮ್ಮಿಬ್ಬರ ಹೆಸರನ್ನೂ ಬರೆದುಕೊಳ್ಳಿ. ಮೊದಲು ನನ್ನದು. ಜೀನತ್‌ಗೆ ನನ್ನ ಮುಖ ಕಾಣುವ ಹಾಗೆ ಎದುರಿಗೇ ಒಂದು ಸ್ಟೂಲ್ ಹಾಕಿಸಿ. ಸೂಜಿ ಚುಚ್ಚುವಾಗ ಮಾತ್ರ ನೀವು ನಡುವೆ ನಿಂತುಕೊಳ್ಳಿ. ಆಮೇಲೆ ನಿಧಾನವಾಗಿ ಪಕ್ಕಕ್ಕೆ ಸರಿಯಿರಿ, ಅಷ್ಟರಲ್ಲಿ ನಾನು ನಗುಮುಖ ಮಾಡಿಕೊಂಡಿರುತ್ತೇನೆ.

ಇತಿ ನಿಮ್ಮ ಪೇಶೆಂಟ್,
ಸಮೀಉಲ್ಲಾ