ಸಾಂಬ್ರಾಣಿ ಹೊಗೆ ಬಾಗಿದ ಕಡೆ

ಬೋಡಕ್‌ದೇವ್, ಅಹಮದಾಬಾದ್
೯ ಏಪ್ರಿಲ್ ೨೦೨೫

ಪ್ರೀತಿಯ ಅಮ್ಮಾ,

ಮಂಡಿ ನೋವು ಹೇಗಿದೆ? ಮೆಟ್ಟಿಲು ಹತ್ತುವಾಗ ಕೋಲು ಹಿಡಿಯುತ್ತೀ ತಾನೆ? "ಮಗಳಿಗೆ ನಿದ್ದೆಯಿಲ್ಲ, ಅಲ್ಲಿಗೆ ಹೋಗ್ಬೇಕು, ಆಪರೇಷನ್ ಆಮೇಲೆ ನೋಡೋಣ" ಎಂದು ಡಾಕ್ಟರಿಗೇ ಹೇಳಿಬಂದೆಯಂತೆ. ಅಣ್ಣ ಫೋನಿನಲ್ಲಿ ನನ್ನ ಮೇಲೆ ರೇಗಿದ. ಚೆನ್ನಾಗಿದ್ದೇನೆ ಎಂದರೆ "ನಿನ್ನ ದನಿ ಕೇಳಿದ್ರೇ ಗೊತ್ತಾಗುತ್ತೆ ಕಣೇ" ಅನ್ನುತ್ತೀಯ. ಅದಕ್ಕೇ ಈ ಕಾಗದ. ಇದಕ್ಕೆ ದನಿಯಿಲ್ಲ.

ಸ್ಕಂದ ಮೈ ತುಂಬಿಕೊಂಡಿದ್ದಾನೆ. ರಾತ್ರಿಯೆಲ್ಲ ಆಟ, ನಿದ್ದೆ ಏನಿದ್ದರೂ ಹಗಲಿಗೆ. ಆ ಹೊತ್ತಿಗೇ ಕಿಟಕಿಯ ಕೆಳಗೆ ಅಪಾರ್ಟ್‌ಮೆಂಟಿನ ಈಜುಕೊಳದ ಪಂಪು ಶುರುವಾಗುತ್ತದೆ. ನೀನಿದ್ದಾಗ ಸುಮ್ಮನೆ ಗುಂಯ್‌ಗುಡುತ್ತಿದ್ದುದು, ನೀನು ಹೋದ ಮೇಲೆ ಗೊಳಗೊಳ ಅನ್ನತೊಡಗಿತು, ಗಂಟಲಲ್ಲಿ ಕಫ ಕಟ್ಟಿದವರ ಹಾಗೆ. ಆ ಸದ್ದಿನಲ್ಲಿ ಮಗುವಿನ ಉಸಿರು ಕೇಳುತ್ತಿರಲಿಲ್ಲ. ಹುಟ್ಟಿದಾಗ ಅವನನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರಲ್ಲ, ಅಂದಿನಿಂದ ಅವನ ಉಸಿರು ಕೇಳದೆ ನನಗೆ ಕಣ್ಣು ಮುಚ್ಚಲಾಗದು. ಎದೆಯ ಮೇಲೆ ಬೆರಳಿಟ್ಟು ಕೂತಿರುತ್ತಿದ್ದೆ. ಕೊಳದ ಬೆಳಕು ಚಾವಣಿಯಲ್ಲಿ ತೂಗುತ್ತಿತ್ತು. ಮನೆಯೇ ಮೆಲ್ಲಗೆ ನೀರಿನ ತಳಕ್ಕೆ ಇಳಿದಂತೆ, ನಾವಿಬ್ಬರೂ ಅಲ್ಲಿ ತೂಕವಿಲ್ಲದೆ ತೇಲುತ್ತಿರುವಂತೆ.

ಪ್ಲಂಬರ್ ಆಕಾಶ್‌ಭಾಯ್ ಬಂದು, ಪಂಪು ಎಲ್ಲಿಂದಲೋ ಗಾಳಿ ಎಳೆಯುತ್ತಿದೆ, ಕೊಳದಲ್ಲಿ ಗುಳ್ಳೆ ಏಳುತ್ತಿರುವುದು ಅದಕ್ಕೇ ಎಂದ. ಪೈಪಿನ ಜೋಡಣೆಗಳನ್ನು ಬಿಚ್ಚಿ ಮತ್ತೆ ಅಂಟಿಸಿದ. ಸದ್ದು ಹೋಗಲಿಲ್ಲ. ನೀರು ಹೊರಗೆ ಸೋರಿದರೆ ಒದ್ದೆಯಾದರೂ ಕಾಣುತ್ತದೆ. ಗಾಳಿ ಒಳಗೆ ಹೋದರೆ ಏನು ಕಾಣುತ್ತದೆ ಹೇಳು?

ನಿನ್ನೆ ಬೆಳಿಗ್ಗೆ ಬಾಲ್ಕನಿಯಲ್ಲಿ ಸ್ಕಂದನ ಬಟ್ಟೆಗೆ ಸಾಂಬ್ರಾಣಿ ಹಿಡಿಯುತ್ತಿದ್ದೆ. (ಮಗುವಿಗೆ ಹೊಗೆ ಬೇಡವೆಂದು ಡಾಕ್ಟರ ಅಪ್ಪಣೆ, ನಿನ್ನ ಸಮಾಧಾನಕ್ಕೆ ಬಟ್ಟೆಗೆ ಮಾತ್ರ.) ನೆಟ್ಟಗೆ ಏಳುತ್ತಿದ್ದ ಹೊಗೆ ಬಾಗಿಲ ಸಂದಿನ ಬಳಿ ಬಾಗಿ ಒಳಗೆ ನುಸುಳಿತು. ಅದನ್ನೇ ನೋಡುತ್ತಾ ನಿಂತೆ. ಆಮೇಲೆ ಮಗುವನ್ನು ಇವರ ಕೈಗೆ ಕೊಟ್ಟು, ಧೂಪದ ಬಟ್ಟಲು ಹಿಡಿದು ಪಂಪಿನ ಕೋಣೆಗೆ ಇಳಿದೆ. ಆಕಾಶ್‌ಭಾಯ್ ಮತ್ತೆ ಬಂದಿದ್ದ. ಜೊತೆಗೆ ನಿಂತಿದ್ದ ಸೊಸೈಟಿ ಸೆಕ್ರೆಟರಿ ಊರ್ಮಿಳಾಬೆನ್ ನಕ್ಕೇಬಿಟ್ಟರು: "ಅರೇ ಬೇಟಾ, ಪಂಪ್ ಕೀ ಭೀ ಆರತಿ?" "ನಜರ್ ಲಗೀ ಹೈ, ಬೆನ್" ಅಂದೆ ನಾನೂ, ದೃಷ್ಟಿ ತಾಗಿದೆ ಅಂತ. ಪೈಪಿನುದ್ದಕ್ಕೂ ಹೊಗೆ ನೆಟ್ಟಗೇ ಎದ್ದಿತು. ಪಂಪಿನ ಮುಚ್ಚಳದ ಅಂಚಿಗೆ ಬಂದಾಗ ಮಾತ್ರ ಬಾಗಿತು, ಎಳೆಯಾಗಿ ಒಳಗೆ ಇಳಿಯಿತು. ಆಕಾಶ್‌ಭಾಯ್ "ರುಕೋ ರುಕೋ, ಮಿಲ್ ಗಯಾ!" ಎಂದು ಕೂಗಿದ. ಪಂಪು ನಿಲ್ಲಿಸಿ ಮುಚ್ಚಳ ತೆಗೆದರೆ ರಬ್ಬರ್ ಬಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ಹೊಸದನ್ನು ಕೂರಿಸಿ, ಗ್ರೀಸು ಸವರಿ, ಬಿಗಿದ. ಪಂಪು ಒಂದೆರಡು ಬಾರಿ ಕೆಮ್ಮಿ ಸುಮ್ಮನಾಯಿತು. ಬರೀ ಗುಂಯ್. ಕೊಳದಲ್ಲಿ ಕೊನೆಯ ಗುಳ್ಳೆ ತೇಲಿಬಂದು ಒಡೆಯಿತು.

ಅಣ್ಣ ಅತ್ತಿಗೆಗೆ ನೆನಪು ಹೇಳು. ನಿನ್ನ ಕಾಲಿಗೆ ಇಲ್ಲಿಂದಲೇ ನಮಸ್ಕಾರ, ನೋಯುವ ಮಂಡಿಗೆ ತಾಗದ ಹಾಗೆ.

ನಿನ್ನ
ಮೇದಿನಿ

ತಾ.ಕ.: ಹೇಳಬೇಕಾದ್ದೇ ಉಳಿಯಿತು. ನಿನ್ನೆ ಮಧ್ಯಾಹ್ನ ಸ್ಕಂದನ ಉಸಿರು ಕೇಳುತ್ತಾ ಕೇಳುತ್ತಾ ನಾನೂ ಮಲಗಿಬಿಟ್ಟೆ. ಕಣ್ಣು ಬಿಟ್ಟಾಗ ಚಾವಣಿಯ ಬೆಳಕು ಗೋಡೆಗೆ ಇಳಿದಿತ್ತು. ಅವನು ಯಾವಾಗಲೋ ಎದ್ದು, ಅಳದೆ, ನನ್ನ ಜಡೆಯ ತುದಿ ಬಾಯಿಗಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ. ಅಮ್ಮಾ, ಕಾಗದ ಸಿಕ್ಕ ಕೂಡಲೇ ಡಾಕ್ಟರಿಗೆ ಫೋನ್ ಮಾಡು, ಆಪರೇಷನ್ ಮುಂದೂಡಬೇಡ. ಮಂಡಿ ಸರಿಯಾದ ಮೇಲೆ ಬಾ. ಮಲಗಿರುತ್ತೇನೆ, ನೀನೇ ಎಬ್ಬಿಸು.