ಬಡ್ಡಿ ಇಳಿದ ವರ್ಷ

ಕಂಪ್ಲಿ
ಭಾನುವಾರ, 14 ಡಿಸೆಂಬರ್ 2025

ಚಿ. ಸೌ. ಶೈಲಶ್ರೀಗೆ,

ನಿನ್ನ ಅತ್ತೆ ಕೊಟ್ರಬಸಮ್ಮ ಮನಸಾರೆ ಮಾಡುವ ಆಶೀರ್ವಾದಗಳು. ‘ಚಿ. ಸೌ.’ ಎಂದು ಬರೆದ ಮೇಲೆ ಪೆನ್ನು ನಿಂತಿತು. ಕೋರ್ಟಿನ ಕಾಗದ ಬಂದು ತಿಂಗಳಾಯಿತು. ಇನ್ನು ಹಾಗೆ ಬರೆಯಬಹುದೋ ಇಲ್ಲವೋ ನನಗೆ ತಿಳಿಯದು. ಹೊಡೆದು ಹಾಕಲು ಮನಸ್ಸಾಗಲಿಲ್ಲ. ನನ್ನ ಮಗ ಮಲ್ಲೇಶನ ಹೆಂಡತಿಯಾಗುವ ಮೊದಲೇ ನೀನು ನನ್ನ ತಮ್ಮನ ಮಗಳು. ಆ ನಂಟನ್ನು ಯಾವ ಜಡ್ಜೂ ಬಿಡಿಸಲಾರ.

ನಿನ್ನೆ ನಿಮ್ಮಪ್ಪ ಅಂದಾನಪ್ಪ ಫೋನ್ ಮಾಡಿದ್ದ. ಕೊಟ್ಟೂರಿನ ಕಡೆಯವರು ಬರುವ ಗುರುವಾರ ನಿನ್ನನ್ನು ನೋಡಲು ಸಂಡೂರಿಗೆ ಬರುತ್ತಾರಂತೆ. ಹುಡುಗನದೂ ಎರಡನೆಯ ಸಂಬಂಧ, ಸ್ವಭಾವ ಒಳ್ಳೆಯದಂತೆ. “ಅಕ್ಕಾ, ನೀ ಒಂದ್ ಸಲ ಹೂಂ ಅನ್ನು, ಆಮ್ಯಾಲೆ ಆಕೀನ್ನ ನಾ ಒಪ್ಪಸ್ತೀನಿ” ಎಂದ. ಹೂಂ ಅಂದೆ. ಬೇರೆ ಏನು ಅನ್ನಲಿ? ಆದರೆ ನೀನು ಅವರಿಗೆ ಉತ್ತರ ಕೊಡುವ ಮೊದಲು ತಿಳಿಯಬೇಕಾದ ಸಂಗತಿಯೊಂದಿದೆ. ಫೋನಿನಲ್ಲಿ ಹೇಳಹೋದರೆ ನಾನು ಅಳುತ್ತೇನೆ, ನೀನು ಇಟ್ಟುಬಿಡುತ್ತೀ. ಅದಕ್ಕೇ ಈ ಕಾಗದ.

ಬೆಲೆ ಬೀಳುತ್ತಿದ್ದರೂ ಮಲ್ಲೇಶ ತನ್ನ ಶೇರು ಯಾಕೆ ಮಾರಲಿಲ್ಲ ಎಂದು ನೀನೊಮ್ಮೆ ನನ್ನನ್ನು ಕೇಳಿದ್ದೆ. ಈಗ ಹೇಳುತ್ತೇನೆ. ಅದು ನಮ್ಮ ಅಕ್ಕಿ ಮಿಲ್ಲಿನ ಬುದ್ಧಿ, ಶೈಲಾ. ಹೊಸ ಸೋನಾಮಸೂರಿಗೆ ಬೆಲೆ ಬಿದ್ದರೆ ತೀರಿಹೋದ ನಿನ್ನ ಮಾವನವರು ಮಾರುತ್ತಿರಲಿಲ್ಲ. “ಕುಂದ್ರಸ್ರಿ, ಹಳೇದಾಗ್ಲಿ” ಎಂದು ಗೋದಾಮಿನಲ್ಲಿ ಇಡಿಸುತ್ತಿದ್ದರು. ವರ್ಷ ಕಳೆದ ಅಕ್ಕಿಗೆ ಬೆಲೆಯೂ ಹೆಚ್ಚು, ಅನ್ನವೂ ಉದುರುದುರು. ಆ ಚೀಲಗಳ ಮೇಲೆ ಹತ್ತಿ ಇಳಿದು ಬೆಳೆದ ಹುಡುಗ ಅವನು. ಮನೆ ಕಟ್ಟಿ ಮಾರುವ ಆ ಕಂಪನಿಯ ಶೇರು ಕೊಂಡಾಗ ಸಾಲದ ಬಡ್ಡಿ ಕಡಿಮೆ ಇತ್ತು, ಜನ ಮನೆಗಳಿಗೆ ಮುಗಿಬೀಳುತ್ತಿದ್ದರು, ಶೇರು ದಿನಾ ಏರುತ್ತಿತ್ತು. ಅಪ್ಪ ಬಿಟ್ಟುಹೋದದ್ದು, ನಿನ್ನ ಬಂಗಾರ ಮಾರಿ ಬಂದದ್ದು, ಎಲ್ಲವನ್ನೂ ಅದರಲ್ಲಿಟ್ಟ. ಹೊಸಪೇಟೆಯ ನಿಮ್ಮ ಮನೆಗೆ ಸದ್ಯ ಬ್ಯಾಂಕಿನ ಸಾಲವಿರಲಿ, ಶೇರು ಬೆಳೆದ ಮೇಲೆ ಮಾರಿ ತೀರಿಸೋಣ ಎಂದ. ನೀನೂ ಹೂಂ ಅಂದಿದ್ದೆ. ನಿಮ್ಮಿಬ್ಬರ ಮುಖದಲ್ಲೂ ಆಗ ಎಂಥ ಕಳೆ ಇತ್ತು!

ಇಪ್ಪತ್ತೆರಡರ ಬೇಸಿಗೆಯಲ್ಲಿ ಬಡ್ಡಿ ಏರತೊಡಗಿತು. ಕಂತು ಭಾರವಾಗುತ್ತದೆಂದು ಜನ ಮನೆ ಕೊಳ್ಳುವುದನ್ನು ಮುಂದಕ್ಕೆ ಹಾಕಿದರು. ಆ ಕಂಪನಿಯೇ ಸಾಲದ ಮೇಲೆ ನಿಂತದ್ದು. ಕಟ್ಟಿದ ಮನೆಗಳು ಮಾರಾಟವಾಗಲಿಲ್ಲ, ಅದರ ಬಡ್ಡಿ ಮಾತ್ರ ಬೆಳೆಯಿತು, ಶೇರು ನೆಲಕ್ಕೆ ಬಿತ್ತು. ಅದೇ ಬಡ್ಡಿ ನಿಮ್ಮ ಸಾಲಕ್ಕೂ ಬಂತು. ಬ್ಯಾಂಕಿನವರು ಕಂತನ್ನು ಅಷ್ಟೇ ಇಟ್ಟು ವರ್ಷಗಳನ್ನು ಬೆಳೆಸಿದರು. ಯಾವ ತುದಿ ಎಳೆದರೂ ಅವನ ಕೊರಳಿಗೇ ಬಿಗಿಯುವ ಹಗ್ಗ. ಮಾರಿಬಿಡಿ ಎಂದು ನೀನು ಹೇಳಿದೆ. ಹಳೇದಾಗಲಿ ಎಂದು ಅವನು ಕೂತ. ಬೇರೆ ಕಂಪನಿಗಳು ಆಮೇಲೆ ಎದ್ದವಂತೆ, ಇದು ಏಳಲಿಲ್ಲ. ಶೇರು ಹಳತಾದರೆ ಅಕ್ಕಿಯಾಗುವುದಿಲ್ಲ ಎಂದು ನಮ್ಮಲ್ಲಿ ಯಾರಿಗೆ ಗೊತ್ತಿತ್ತು?

ನೀವು ಜಗಳವಾಡಿದ್ದರೆ ನಡುವೆ ಬಂದು ಬಿಡಿಸುತ್ತಿದ್ದೆ. ಮೌನವನ್ನು ಹೇಗೆ ಬಿಡಿಸುವುದು? ಅವನು ಫ್ಯಾಕ್ಟರಿಯಲ್ಲಿ ಹೆಚ್ಚಿನ ಪಾಳಿ ಹಿಡಿದ, ನೀನು ಶಾಲೆ ಮುಗಿಸಿ ಮನೆಪಾಠ ಹಿಡಿದೆ. ಮರುವರ್ಷದ ದೀಪಾವಳಿಗೆ ನಿಮ್ಮ ಮನೆಗೆ ಬಂದಾಗ ನೋಡಿದೆ, ಒಂದೇ ಅಡುಗೆಮನೆಯಲ್ಲಿ ಎರಡು ಸಕ್ಕರೆ ಡಬ್ಬಿ. ನಾನು ಚಹಾ ಕೇಳಿದರೆ ಯಾವುದರಿಂದ ಹಾಕಲಿ ಎಂದು ನೀನು ಕ್ಷಣ ಹೊತ್ತು ನಿಂತೆ. ಆ ಸಲವೇ ಇಬ್ಬರೂ ನೆಲ ನೋಡುತ್ತ ಹೇಳಿದಿರಿ: ಮನೆ ಮಾರಿ, ಸಾಲ ತೀರಿಸಿ, ಬೇರೆಯಾಗುತ್ತೇವೆ, ಅಲ್ಲಿಯತನಕ ಒಂದೇ ಸೂರು, ಬೇರೆ ಬೇರೆ ಕೋಣೆ.

ಮನೆ ಮಾರಾಟವಾಗಲಿಲ್ಲ. ಬಡ್ಡಿ ಮೇಲೇ ನಿಂತಿತ್ತು; ಬಂದವರು ಕಂತಿನ ಲೆಕ್ಕ ಹಾಕಿ ಹಿಂದಿರುಗುತ್ತಿದ್ದಾರೆ ಎಂದೇ ನಾವೆಲ್ಲ ತಿಳಿದಿದ್ದೆವು. ಊರ ಜನ ಬಡ್ಡಿ ಇಳಿಯಲಿ ಎನ್ನುತ್ತಿದ್ದರೆ ನಾನು ಹಂಪಿಗೆ ಹೋಗಿ ವಿರೂಪಾಕ್ಷನ ಮುಂದೆ, ಇನ್ನೊಂದು ವರ್ಷ ಹೀಗೇ ಇರಲಪ್ಪಾ ಎಂದು ಬೇಡಿಕೊಂಡೆ. ಒಂದು ಸೂರಿನ ಕೆಳಗಿದ್ದರೆ ಎಂದಾದರೂ ಒಬ್ಬರ ಸಕ್ಕರೆ ಮುಗಿದು ಇನ್ನೊಬ್ಬರನ್ನು ಕೇಳಲಾರರೇ? ಈ ವರ್ಷ ಬಡ್ಡಿ ಇಳಿಯಿತು. ಮಿಲ್ಲಿನ ಗುಮಾಸ್ತ ಮೂಕಣ್ಣ ಪೇಪರ್ ಹಿಡಿದುಕೊಂಡು ಓಡಿಬಂದು, “ಅವ್ವಾರ, ಸಿಹಿ ಕೊಡ್ರಿ, ಇನ್ನ ಮನಿ ಜಲ್ದಿ ಹೋಗ್ತತಿ” ಎಂದ. ಅವನ ಕೈಗೆ ಬೆಲ್ಲದ ಚೂರು ಕೊಟ್ಟು ಒಳಗೆ ಹೋಗಿ ಕೂತೆ.

ಈಗ ಕೇಳು. ನಿಮ್ಮ ಮನೆ ಮಾರಿಸಿದ ದಲ್ಲಾಳಿ ಹುಲಿಗೇಶ್ ಹೋದ ವಾರ ಮಗಳ ಮದುವೆಗೆ ಅಕ್ಕಿ ಕೇಳಿಕೊಂಡು ಮಿಲ್ಲಿಗೆ ಬಂದಿದ್ದ. ಚಹಾ ಕುಡಿಯುತ್ತ ನಗತೊಡಗಿದ.

“ಏನ್ ಮನಿ ಅದು ಅವ್ವಾರ! ನೀವು ಬಡ್ಡೀಗೆ ಬೈತಿದ್ರಿ. ಬಡ್ಡಿ ಇದ್ರೂ ಕೊಳ್ಳೋ ಮಂದಿ ಸಿಕ್ಕಿದ್ರು. ನಿಮ್ ಮಗ ನನ್ನನ್ನ ಓಣಿ ತುದಿಗೆ ಕರದು, ‘ರೇಟ್ ಏರಿಸಿ ಹೇಳಲೇ, ಓಡಿ ಹೋಗ್ಬೇಕು ಅವ್ರು, ಆಕೀಗೆ ಮಾತ್ರ ಹೇಳಬ್ಯಾಡ’ ಅಂತಿದ್ದ. ನಿಮ್ ಸೊಸಿ ಫೋನ್ ಮಾಡಿ, ‘ಅಣ್ಣಾ, ಈಗ ಆಷಾಢ ಬ್ಯಾಡ, ಈಗ ಪಿತೃಪಕ್ಷ ಬ್ಯಾಡ, ಅವ್ರಿಗೆ ಹೇಳಬ್ಯಾಡ್ರಿ’ ಅಂತಿದ್ರು. ಆ ಮನಿಗೆ ಹನ್ನೆರಡು ತಿಂಗಳೂ ಆಷಾಢಾನ!”

ಅವನಿಗೆ ಅದು ನಗೆಯ ಮಾತು. ನಾನು ಅವನಿಗೆ ಅಕ್ಕಿಯ ದರ ಹೇಳುವುದನ್ನೇ ಮರೆತೆ. ಮತ್ತೆ ಮಾರಿದ್ದು ಯಾಕೋ ಎಂದು ಕೇಳಿದರೆ, “ಊರಮ್ಮ ಉಡಿ ತುಂಬಿಬಿಟ್ಲಲ್ರಿ” ಎಂದ.

ಕಡ್ಡಿರಾಂಪುರದಲ್ಲಿ ಹೋಂಸ್ಟೇ ನಡೆಸುವ ಹೊನ್ನೂರಪ್ಪ, ಅವನ ಹೆಂಡತಿ ಊರಮ್ಮ ಮನೆ ಕೇಳಲು ಬಂದದ್ದು ಬಸವ ಜಯಂತಿಯ ದಿನ. ಬಡ್ಡಿ ಇಳಿದಿತ್ತು, ಬ್ಯಾಂಕು ಅವರಿಗೆ ಸಾಲ ಕೊಡಲು ಒಪ್ಪಿತ್ತು. ಏರಿಸಿ ಹೇಳಿದ ರೇಟಿಗೇ ಅವರು ತಲೆ ಆಡಿಸಿದರು. ಮಲ್ಲೇಶನ ನೆವ ಮುಗಿಯಿತು. ಅಂಥ ಒಳ್ಳೆಯ ದಿನ ನಿನ್ನ ನೆವವೂ ನಡೆಯುವಂತಿರಲಿಲ್ಲ. ಕೊಡ್ತೀರೇನ್ರಿ ಎಂದು ಹೊನ್ನೂರಪ್ಪ ಕೇಳಿದ. ಆಕೀನ್ನ ಕೇಳ್ರಿ ಎಂದ ಇವನು. ಊರಮ್ಮ ಒಳ್ಳೆಯ ಮನಸ್ಸಿನಿಂದಲೇ ನಿನಗೆ ಕುಂಕುಮ ಹಚ್ಚಿ, ಖಣ, ಅಕ್ಕಿ, ತೆಂಗಿನಕಾಯಿ ಹಿಡಿದು ಉಡಿ ತುಂಬಲು ಎದುರು ನಿಂತಳು. ನೀನು ಸೆರಗು ಒಡ್ಡಿದೆ.

ಇದೆಲ್ಲ ನಿನಗೆ ಗೊತ್ತು. ಆಗ ಮಲ್ಲೇಶನ ಕಣ್ಣಿಗೆ ಏನು ಕಂಡಿತೆಂಬುದು ಗೊತ್ತಿಲ್ಲ. ಹುಲಿಗೇಶ್ ಹೋದ ಮೇಲೆ, ಪಾಳಿ ಮುಗಿಸಿ ಬಂದ ಮಲ್ಲೇಶನನ್ನು ಎದುರಿಗೆ ಕೂಡಿಸಿಕೊಂಡು ಕೇಳಿದೆ.

“ಆಕಿ ಸೆರಗು ಒಡ್ಡಿದ್ಲು ಅವ್ವಾ. ಮನಿ ಕೊಟ್ಟೆ ಅಂದಂಗ ಅಲ್ಲೇನು ಅದು? ಮತ್ತ ನಂದೇನ್ ಉಳೀತು? ನಾನೂ ಹೂಂ ಅಂದೆ” ಎಂದ.

“ಲೇ ಹುಚ್ಚಪ್ಪಾ, ಉಡಿ ತುಂಬಾಕ ಬಂದಾಕಿ ಮುಂದ ಯಾವ ಹೆಣ್ಮಗಳು ಸೆರಗು ಹಿಂದಕ್ಕ ಎಳಕೋತಾಳಲೇ? ವೈರಿ ಬಂದು ತುಂಬಿದ್ರೂ ಒಡ್ಡಬೇಕು. ಆಕಿ ಒಡ್ಡಿದ್ದು ಉಡೀಗೆ, ಮನೀಗಲ್ಲ. ಬ್ಯಾಡ ಅನ್ನೋ ಮಾತು ನಿನ್ ಬಾಯಿಂದ ಬರ್ತತೇನಂತ ಆಕಿ ಕಾದಾಳ” ಎಂದೆ.

ನಾನು ಹೇಳಿದ್ದು ಸರಿಯೋ ತಪ್ಪೋ ನಿನಗೊಬ್ಬಳಿಗೇ ಗೊತ್ತು. ಅವನು ಎದ್ದು ಅಂಗಳಕ್ಕೆ ಹೋದ. ಆಳುಗಳು ಆಗಷ್ಟೇ ಹೊರಳಿಸಿ ಹೋಗಿದ್ದ ಭತ್ತವನ್ನು ಮತ್ತೆ ಮೊದಲಿನಿಂದ ಹೊರಳಿಸತೊಡಗಿದ. ಮೂಕಣ್ಣ ಕರೆದರೂ ತಿರುಗಿ ನೋಡಲಿಲ್ಲ.

ಒಂದು ಮನೆಯಲ್ಲಿ ಇಬ್ಬರು, ನಡುವೆ ಒಂದು ಗೋಡೆ. ಈಚೆಯವರು ಮನೆ ಹೋಗದಿರಲಿ ಎಂದು ಒದ್ದಾಡಿದ್ದು ಆಚೆಯವರಿಗೆ ಗೊತ್ತಿಲ್ಲ, ಆಚೆಯವರದ್ದು ಈಚೆಯವರಿಗೆ ಗೊತ್ತಿಲ್ಲ. ಗೊತ್ತಿದ್ದವನು ದಲ್ಲಾಳಿ ಒಬ್ಬನೇ. ಅವನ ಬಾಯನ್ನು ಇಬ್ಬರೂ ಕಟ್ಟಿದ್ದಿರಿ, ಶೈಲಾ.

ತಿರುಗಿ ಬಾ ಎಂದು ಕರೆಯಲು ಇದನ್ನು ಬರೆಯುತ್ತಿಲ್ಲ. ಕೋರ್ಟಿನಲ್ಲಿ ಇಬ್ಬರೂ ಸಹಿ ಹಾಕಿದ್ದೀರಿ, ಮನೆಗೆ ಊರಮ್ಮ ಬೇರೆ ಬಣ್ಣ ಬಳಿಸಿದ್ದಾಳೆ. ಕೊಟ್ಟೂರಿನವರು ನಿನಗೆ ಒಪ್ಪಿಗೆಯಾದರೆ ಹೂಂ ಅನ್ನು. ಎಲ್ಲರಿಗಿಂತ ಮೊದಲು ನಾನೇ ಬಂದು ನಿನಗೆ ಅರಿಶಿನ ಹಚ್ಚುತ್ತೇನೆ. ಆದರೆ ‘ನಾನು ಬೇಡವಾದವಳು’ ಎಂಬ ಮಾತನ್ನು ಎದೆಯಲ್ಲಿಟ್ಟುಕೊಂಡು ಇನ್ನೊಂದು ಮನೆಯ ಹೊಸ್ತಿಲು ದಾಟಬೇಡ. ಅದು ಸುಳ್ಳು. ಅಷ್ಟನ್ನು ಹೇಳುವುದಿತ್ತು.

ಚಳಿ ಹೆಚ್ಚಿದೆ, ಸಂಡೂರಿನಲ್ಲಿ ಇನ್ನೂ ಹೆಚ್ಚಿರಬೇಕು. ಮೈತುಂಬ ಹೊದ್ದುಕೊ.

ಯಾವ ಹೆಸರಿನಿಂದ ಕರೆದರೂ ನಿನ್ನವಳೇ,
ಅತ್ತೆ ಕೊಟ್ರಬಸಮ್ಮ

ಮತ್ತೊಂದು ಮಾತು: ಇದಾವುದನ್ನೂ ನಿನಗೆ ತಿಳಿಸುವುದಿಲ್ಲವೆಂದು ಮಲ್ಲೇಶನಿಗೆ ಭಾಷೆ ಕೊಟ್ಟಿದ್ದೆ, ಮುರಿದಿದ್ದೇನೆ. ಅಂದು ಅಂಗಳದಿಂದ ಒಳಗೆ ಬಂದವನೇ ನನ್ನ ಕೈ ಹಿಡಿದು, “ಆಕೀಗೆ ಬರೀಬ್ಯಾಡ ಅವ್ವಾ. ಈಗೀಗ ನಗಾಕತ್ತಾಳಂತ, ಮಾಮ ಅಂದ. ಇದು ಗೊತ್ತಾದ್ರ ಮತ್ತ ನಗೋದು ಬಿಡ್ತಾಳ” ಎಂದ. ಕೊಟ್ಟೂರಿನ ಸಂಬಂಧವನ್ನು ತಾನೇ ವಿಚಾರಿಸಿ, ಒಳ್ಳೆಯವರೆಂದು ಖಾತ್ರಿ ಮಾಡಿಕೊಂಡು, ನಿಮ್ಮಪ್ಪನಿಗೆ ಹೇಳಿದವನೂ ಅವನೇ.