ಹನ್ನೊಂದು ಗಂಟೆಗೆ ಹೊರಡಿ

ಆಲ್ಡರ್ ಫೋರ್ಕ್, ವಾಷಿಂಗ್ಟನ್
ಸೆಪ್ಟೆಂಬರ್ 19, 2021, ಭಾನುವಾರ

ಪ್ರೀತಿಯ ನೊಹೆಮಿ,

ಹೇಗಿದ್ದೀಯಾ ಮಗಳೇ? ಎರಡು ವರ್ಷ ಮುನಿಸಿಕೊಂಡಿದ್ದ ನೀನು ಕೊನೆಗೂ ಫೋನ್ ಮಾಡಿದೆ; ಆಮೇಲೆ ಮೂರು ವಾರ ನಾನೇ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ನೀನು ಮತ್ತೆರಡು ಸಲ ಕರೆದರೂ ಎತ್ತಲಿಲ್ಲ. ಬೈದುಕೋ, ತಪ್ಪು ನನ್ನದೇ. ಟಕ್ಸಾನಿನ ಸೆಕೆ ಇಳಿಯಿತೇ? ಪುಟ್ಟಿಗೆ ಹಲ್ಲು ಬಂತೇ? ಇಲ್ಲಿ ಸೇಬು ಕೀಳುವ ಕೆಲಸ ಮತ್ತೆ ಶುರುವಾಗಿದೆ, ಬೆಟ್ಟದ ಕಡೆಯ ತೋಟಗಳನ್ನು ಬಿಟ್ಟು.

ಕಾಡ್ಗಿಚ್ಚಿನ ಸುದ್ದಿ ಕೇಳಿರುತ್ತೀಯ. ನಮ್ಮ ಕಾಲೇಜು ರೇಡಿಯೋದಲ್ಲಿ ಆದದ್ದನ್ನು ಕೇಳಿರಲಾರೆ. ಬೆಂಕಿ ಬಂದ ದಿನ ಬೆಳಿಗ್ಗೆ ಒಂಬತ್ತೂವರೆಗೆ ಅಗ್ನಿಶಾಮಕದವರು ಹೇಳಿದ್ದನ್ನು, ನನ್ನ ಸ್ಪ್ಯಾನಿಷ್ ಕಾರ್ಯಕ್ರಮದಲ್ಲಿ ಓದಲೆಂದು ನಾನು ಚೀಟಿಯಲ್ಲಿ ಗೀಚಿಕೊಂಡೆ. ನನ್ನ ಬರವಣಿಗೆ ನಿನಗೆ ಗೊತ್ತಲ್ಲ, ಅವಸರಕ್ಕೆ ಬಿದ್ದರೆ ಎರಡೂ ಭಾಷೆ ಕಲಸುಮೇಲೋಗರ. ಬೆಟ್ಟದ ತೋಟಗಳ ಕೂಲಿಯವರಿಗೆ 'ಮೇಲಿನ ಕ್ಯಾಂಪಿನವರು ಹೊರಡಿ' ಎಂದು ಸ್ಪ್ಯಾನಿಷಿನಲ್ಲಿ ಬರೆದವಳು, 'ತಕ್ಷಣ' ಎನ್ನುವುದಕ್ಕೆ ಮಾತ್ರ ಇಂಗ್ಲಿಷಿನ 'ಅಟ್ ಒನ್ಸ್' ಎಂದು ಬರೆದೆ. ಅಷ್ಟರಲ್ಲಿ ಮತ್ತೆ ಫೋನ್ ಬಂತು. ಚೀಟಿಯನ್ನು ಲಾಯ್ಡ್ ಕೈಗೆ ತುರುಕಿ ಹೊರಗೆ ಓಡಿದೆ.

ಲಾಯ್ಡ್ ನಮ್ಮಲ್ಲಿ ಇಂಗ್ಲಿಷ್ ಕಾರ್ಯಕ್ರಮ ನಡೆಸುವವರು, ನಿವೃತ್ತ ವೆಲ್ಡಿಂಗ್ ಮೇಷ್ಟ್ರು. ಅರವತ್ತು ದಾಟಿದ ಮೇಲೆ ನನ್ನ ಹತ್ತಿರ ಸ್ಪ್ಯಾನಿಷ್ ಕಲಿತರು. "ಮಧ್ಯೆ ಒಂದೇ ಒಂದು ಇಂಗ್ಲಿಷ್ ಮಾತು ತೂರಿಸಿದ್ರೂ ಮೈಕ್ ಕಿತ್ಕೋತೀನಿ ನೋಡಿ" ಎಂದು ನಾನೇ ಹೆದರಿಸುತ್ತಿದ್ದೆ. ಪಾಪ, ವಿಧೇಯ ವಿದ್ಯಾರ್ಥಿ. ನನ್ನ ಗೀಚಿನಲ್ಲಿ 'ಅಟ್' ಎಂಬುದು, 'ಇಷ್ಟು ಗಂಟೆಗೆ' ಎನ್ನುವಾಗ ಬರುವ ಸ್ಪ್ಯಾನಿಷಿನ 'ಆ'ದಂತೆ ಕಂಡಿರಬೇಕು. ಇಂಗ್ಲಿಷಿನ 'ಒನ್ಸ್' ಎಂಬ ಆ ನಾಲ್ಕು ಅಕ್ಷರಗಳನ್ನೂ ಸ್ಪ್ಯಾನಿಷ್ ಎಂದೇ ಓದಿದರು: ಓನ್ಸೆ. ಹನ್ನೊಂದು. "ಮೇಲಿನ ಕ್ಯಾಂಪಿನವರು ಹನ್ನೊಂದು ಗಂಟೆಗೆ ಹೊರಡಿ" ಎಂದು ಸ್ಪಷ್ಟವಾಗಿ ಎರಡು ಸಲ ಹೇಳಿದರು.

ನಾನು ಅದನ್ನು ತಿದ್ದಿ ಹೇಳುವಷ್ಟರಲ್ಲಿ ಹತ್ತಕ್ಕೆ ಐದು ನಿಮಿಷವಿತ್ತು. ಕ್ಯಾಂಪಿನವರು ಆಗಲೇ ರೇಡಿಯೋ ಆರಿಸಿ ಗಂಟುಮೂಟೆ ಕಟ್ಟುತ್ತಿದ್ದರು. ಕೊನೆಯ ಟ್ರೇಲರ್ ಮನೆಯ ಎವಾರಿಸ್ತೊ ಅವರು, "ಇನ್ನೂ ಬೇಕಾದಷ್ಟು ಹೊತ್ತಿದೆ, ಬೀನ್ಸ್ ಬೇಯ್ಲಿ, ಉಂಡೇ ಹೋಗೋಣ" ಎಂದರಂತೆ. ಹತ್ತೂ ಇಪ್ಪತ್ತಕ್ಕೆ ಬೆಂಕಿ ಅವರ ಬಾಗಿಲಿಗೆ ಬಂತು. ಹೆಂಡತಿಯನ್ನು ಹೊರಗೆಳೆದು ತಂದರು. ಅವರ ಎರಡೂ ಕೈ ಸುಟ್ಟಿವೆ. ಇನ್ನು ಸೇಬು ಕೀಳುವ ಕೈಗಳಲ್ಲ ಅವು. ಆಸ್ಪತ್ರೆಗೆ ಹೋದರೆ ಅವರೇ ನನ್ನನ್ನು ಸಮಾಧಾನ ಮಾಡಿದರು.

"ನೀವೇ ಓದಿದ್ರೆ ಸರಿಯಾಗಿ ಹೇಳ್ತಿದ್ರಿ, ಒಬ್ದುಲಿಯಾ. ಆ ಬಿಳಿಯ ಗ್ರಿಂಗೋಗೆ ಯಾಕೆ ಬೇಕಿತ್ತು ನಮ್ಮ ಭಾಷೆ?"

ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ನಾಳೆ ಕಾಲೇಜಿನಲ್ಲಿ ವಿಚಾರಣೆ. ರೇಡಿಯೋ ಮುಖ್ಯಸ್ಥೆ ಮಿಸೆಸ್ ಹಾಲ್ವರ್ಸನ್ ಲಾಯ್ಡ್‌ರನ್ನು ಆಗಲೇ ಮನೆಗೆ ಕಳಿಸಿದ್ದಾರೆ. ಚೀಟಿ ಕಳೆದುಹೋಗಿದೆ ಎಂದು ಎಲ್ಲರೂ ನಂಬಿದ್ದಾರೆ. ಅದು ನನ್ನ ಪರ್ಸಿನಲ್ಲಿದೆ.

ನಿನ್ನೆ ಲಾಯ್ಡ್ ನಮ್ಮ ಮನೆಗೆ ಬಂದಿದ್ದರು. "ಅದ್ರಲ್ಲಿ ಹನ್ನೊಂದು ಅಂತಾನೇ ಇತ್ತಲ್ವಾ? ಇಲ್ಲಾ ನನ್ನ ಕಣ್ಣೇ ಕೆಟ್ಟಿತಾ?"

"ಮೊದ್ಲು ಕಾಫಿ ಕುಡೀರಿ" ಎಂದೆ, ಹೇಡಿ ನಾನು.

ಅವರು ಕಪ್ ಮುಟ್ಟಲಿಲ್ಲ. "ಇನ್ಮೇಲೆ ನಾನು ಮೈಕ್ ಮುಂದೆ ಬಾಯಿ ತೆರೆಯಲ್ಲ ಬಿಡಿ. ಯಾವ ಭಾಷೇಲೂ" ಎಂದು ಎದ್ದು ಹೋದರು.

ನಾಳೆ ಚೀಟಿಯನ್ನು ಮೇಜಿನ ಮೇಲಿಡುತ್ತೇನೆ. ಇಪ್ಪತ್ತಾರು ವರ್ಷ ಹಿಡಿದ ಮೈಕ್ ಹೋದರೆ ಹೋಗಲಿ. ಹೀಗೆ ಬರೆಯುವುದು ಸುಲಭ.

ಪುಟ್ಟಿಗೆ ಮುತ್ತು. ಅಳಿಯನಿಗೂ ನನ್ನ ಹಾರೈಕೆ ತಿಳಿಸು. ಹೌದು, ಅಳಿಯ ಎಂದೇ ಬರೆದಿದ್ದೇನೆ. ಗ್ವಾದಲುಪೆ ತಾಯಿ ನಿಮ್ಮ ಮೂವರನ್ನೂ ಕಾಯಲಿ.

ನಿನ್ನ ಅಮ್ಮ,
ಒಬ್ದುಲಿಯಾ

ತಾ.ಕ.: ಲಾಯ್ಡ್ ಓದುವಾಗ ನಾನೆಲ್ಲಿದ್ದೆ ಎಂದು ನಾಳೆ ವಿಚಾರಣೆಯಲ್ಲಿ ಕೇಳುತ್ತಾರೆ. ಅಗ್ನಿಶಾಮಕದವರ ಜೊತೆ ಫೋನಿನಲ್ಲಿದ್ದೆ ಎಂದು ಇದುವರೆಗೆ ಸುಳ್ಳು ಹೇಳಿದ್ದೇನೆ. ಆ ಫೋನ್ ನಿನ್ನದು, ಮಗಳೇ. ಸ್ಟುಡಿಯೋ ಹೊರಗಿನ ಸ್ಪೀಕರಿನಲ್ಲಿ 'ಹನ್ನೊಂದು' ಎಂದದ್ದು ನನಗೆ ಚೆನ್ನಾಗಿ ಕೇಳಿಸಿತು. ನೀನು ಅಳುತ್ತಾ "ಅಮ್ಮಾ, ನೀನು ಅಜ್ಜಿ ಆಗಿದ್ದೀಯ" ಎನ್ನುತ್ತಿದ್ದೆ. ಇಟ್ಟುಬಿಟ್ಟರೆ ನೀನು ಮತ್ತೆಂದೂ ಕರೆಯಲಾರೆ ಎಂದು ಹೆದರಿ ಇಡಲಿಲ್ಲ. ಹದಿನೈದು ನಿಮಿಷ. ನೀನು ಕರೆದದ್ದು ತಪ್ಪಲ್ಲ. ಕೇಳಿಸಿಯೂ ನಾನು ಇಡದೆ ನಿಂತದ್ದು ತಪ್ಪು. ಬೇರೆಯವರಿಂದ ತಿಳಿಯುವ ಮೊದಲು ನಿನಗೆ ನನ್ನಿಂದಲೇ ತಿಳಿಯಲಿ.